ಕೆಂಪು ಬಾಣ

ಮಾರ್ಚ್ 3, ಸೋಮವಾರ

ಬೆಳಗ್ಗೆ ಚೂಟಿ ಬಚ್ಚಲುಮನೆಯಲ್ಲಿ ನಕ್ಕಳು. ಒಬ್ಬಳೇ. ನಾನು ಹೊರಗೆ ಪೊರಕೆ ಹಿಡಿದು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತ ನಿಂತೆ. ಇನ್ನೊಮ್ಮೆ ನಗುತ್ತಾಳೇನೋ ಎಂದು ಮೈಯೆಲ್ಲ ಕಿವಿ. ನಗಲಿಲ್ಲ. ಹೊರಗೆ ಬಂದವಳು ನನ್ನನ್ನೂ ಪೊರಕೆಯನ್ನೂ ನೋಡಿ, "ಅಮ್ಮ, ಇನ್ನೂ ಒಂದ್ಸಲ ಗುಡಿಸಿದ್ರೆ ನೆಲ ಸವೆದು ಕೆಳಗಿನ ಮನೆಯೋರು ಕಾಣಿಸ್ತಾರೆ," ಎಂದು ಹೋದಳು.

ತಮಾಷೆ ಮಾಡಿದಳು. ತಮಾಷೆ ಒಳ್ಳೆಯದೋ ಕೆಟ್ಟದ್ದೋ? ಹೋದ ವರ್ಷ ಶುರುವಾಗಿದ್ದೂ ಹೀಗೇ, ತಮಾಷೆಯಿಂದಲೇ. ಆಮೇಲೆ ಮಾತು ನಿಲ್ಲಲಿಲ್ಲ, ನಿದ್ದೆ ಹತ್ತಿರ ಸುಳಿಯಲಿಲ್ಲ. ಅಪ್ಪನ ಬೂಟುಗಳನ್ನು ಬೀದಿಯಲ್ಲಿ ಹೋಗುವವರನ್ನು ಕರೆದು ಕೊಟ್ಟಳು. ಮೆಟ್ಟಿಲ ಉದ್ದಕ್ಕೂ ಅಕ್ಕಪಕ್ಕದವರ ಬಾಗಿಲ ಮೇಲೆಲ್ಲ ಬಣ್ಣದಲ್ಲಿ ಹೂಬಳ್ಳಿ ಬರೆದಳು. ಕೊನೆಗೆ ಆಸ್ಪತ್ರೆ. ಹತ್ತೊಂಬತ್ತರ ಹುಡುಗಿ, ಕಾಲೇಜು ಅಲ್ಲಿಗೇ ನಿಂತಿತು. ಏರಿದಷ್ಟೇ ಆಳಕ್ಕೆ ಇಳಿದು ಚಳಿಗಾಲ ಪೂರ್ತಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಡಾಕ್ಟರಮ್ಮ 'ಬೈಪೋಲಾರ್' ಎಂದರು. ನಾವು ಮನೆಯಲ್ಲಿ 'ಏರು', 'ಇಳಿ' ಅನ್ನುತ್ತೇವೆ.

ಮಾತ್ರೆ ತಪ್ಪದೆ ತಗೊಂಡರೆ ಹತೋಟಿಯಲ್ಲಿರುತ್ತೆ, ಆದರೂ ಮತ್ತೆ ಬರಬಹುದು, ಬೇಗ ಗೊತ್ತಾದರೆ ಬೇಗ ತಡೀಬಹುದು ಎಂದಿದ್ದಾರೆ. ಪತ್ತೆಹಚ್ಚುವುದೇ ನನ್ನ ಕಸುಬು. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್. ಹೊಲಿದು ಬಂದ ಅಂಗಿಯನ್ನು ಹರವಿ, ಕಾಲರು, ತೋಳು, ಗುಂಡಿ, ಒಳಹೊಲಿಗೆ ನೋಡಿ, ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು. ಬಾಣ ಬಿದ್ದ ಅಂಗಿ ವಾಪಸ್ ಹೊಲಿಗೆಯವರ ಹತ್ತಿರ. ನನ್ನ ಕಣ್ಣು ತಪ್ಪಿಸಿ ಒಂದೇ ಒಂದು ಬಿಟ್ಟ ಹೊಲಿಗೆಯೂ ಹೊರಗೆ ಹೋಗಿದ್ದಿಲ್ಲ. ಹಾಗಿರುವಾಗ ಹೆತ್ತ ಮಗಳದು ಹೋದ ವರ್ಷ ಹೇಗೆ ತಪ್ಪಿಹೋಯಿತೋ! ಇನ್ನು ತಪ್ಪಲು ಬಿಡುವುದಿಲ್ಲ.

ಇದನ್ನು ಇವರ ಹತ್ತಿರ, ಚೂಟಿಯ ಅಪ್ಪನ ಹತ್ತಿರ, ಹೇಳಿದರೆ "ನಕ್ರೆ ನಕ್ಕಳು ಬಿಡೇ" ಅನ್ನುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 6, ಗುರುವಾರ

ಚೂಟಿ: ನಿದ್ದೆ ಸರಿ. ಊಟ ಸರಿ. ಮಾತು ಸ್ವಲ್ಪ ಜಾಸ್ತಿ. ನೀರು ಕುಡಿಯುವುದನ್ನು ನೆನಪಿಸಬೇಕಾಯಿತು.

ಇವರಿಗೆ ಬಿ.ಪಿ. ಎಂದು ಉಪ್ಪು ಕಡಿಮೆ, ಅವಳ ಮಾತ್ರೆಗೆ ಉಪ್ಪು ಏರುಪೇರಾಗಬಾರದು. ಹೀಗಾಗಿ ಒಂದೇ ತರಕಾರಿ ಎರಡು ಪಾತ್ರೆಯಲ್ಲಿ ಬೇಯುತ್ತದೆ. ನನಗೆ ಯಾವ ಪಾತ್ರೆ ಎಂದು ಯಾರೂ ಕೇಳಿಲ್ಲ. ಉಳಿದದ್ದನ್ನು ತಿನ್ನುತ್ತೇನೆ.

ಸಂಜೆ ಮನೆಗೆ ಬಂದಾಗ ಎಂದಿನಂತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಬಟ್ಟೆಗೆ ಅಂಟಿಕೊಂಡು ಬಂದಿದ್ದ ಬಾಣಗಳನ್ನು ಕಿತ್ತಳು. ತೋಳಿನ ಮೇಲೊಂದು, ಬೆನ್ನ ಮೇಲೊಂದು. "ನಿನ್ನನ್ನ ಯಾರು ರಿಜೆಕ್ಟ್ ಮಾಡಿದ್ರು?" ಎಂದಳು. ಚಿಕ್ಕಂದಿನಿಂದಲೂ ಇದೇ ಮಾತು. ಸದ್ಯ, ಇದು ಬದಲಾಗಿಲ್ಲ.

ಮಾರ್ಚ್ 9, ಭಾನುವಾರ

ಹೋದ ವರ್ಷ ಎಲ್ಲರ ಬಾಗಿಲನ್ನೂ ನಾನೇ ಥಿನ್ನರ್ ಹಾಕಿ ಉಜ್ಜಿ, ಮನೆ ಮನೆಗೂ ಹೋಗಿ ತಪ್ಪಾಯಿತು ಎಂದು ಬಂದಿದ್ದೆ. ಮೇಲಿನ ಮಹಡಿಯ ಅಜ್ಜಿ ಮಾತ್ರ "ನನ್ನ ಬಾಗಿಲ ತಂಟೆಗೆ ಬಂದ್ರೆ ನೋಡು" ಎಂದು ಉಜ್ಜಲು ಬಿಟ್ಟಿರಲಿಲ್ಲ. ಇವತ್ತು ಅಜ್ಜಿಯನ್ನು ನೋಡಲು ಅವರ ತಮ್ಮ ಬಂದಿದ್ದರು. ಅಂಗಡಿಗಳಿಗೆ ಬೋರ್ಡ್ ಬರೆಯುವವರು. ಬಾಗಿಲ ಮೇಲಿನ ಬಳ್ಳಿ ನೋಡಿ, ಬರೆದವರು ಯಾರು ಎಂದು ಕೇಳಿಕೊಂಡು ಸೀದಾ ನಮ್ಮ ಮನೆಗೇ ಇಳಿದು ಬಂದರು.

"ಗೆರೆ ಎಲ್ಲೂ ತಡವರಿಸಿಲ್ಲ. ನನ್ನ ಜೊತೆ ಬರ್ತೀಯೇನಮ್ಮ? ಕಲಿಸ್ತೀನಿ," ಎಂದರು.

"ನನ್ನ ಕೈ ಸ್ವಲ್ಪ ನಡುಗುತ್ತೆ," ಎಂದಳು ಚೂಟಿ. ಅದು ಮಾತ್ರೆಯಿಂದ. ಮಾತ್ರೆಯ ವಿಷಯ ಅವಳು ಎತ್ತಲಿಲ್ಲ.

"ನಂದೂ ನಡುಗುತ್ತೆ. ಬ್ರಷ್ಷು ಗೋಡೆಗೆ ತಾಗಿದ ಮೇಲೆ ನಿಲ್ಲುತ್ತೆ."

ಅವಳು ಏರಿನಲ್ಲಿ ಬರೆದದ್ದನ್ನು ಹೊಗಳುತ್ತಿದ್ದಾರಲ್ಲ ಈ ಪುಣ್ಯಾತ್ಮರು! ಬೇಡ ಅನ್ನುವಷ್ಟರಲ್ಲಿ ಇವರು "ನಾಳೆಯಿಂದಲೇ ಬರ್ತಾಳೆ" ಎಂದುಬಿಟ್ಟರು. ಸಿಟಿ ಬಸ್ ಓಡಿಸುವವರು. ಮುಂದೆ ಜಾಗ ಕಂಡರೆ ನುಗ್ಗಿಸುವುದೇ ಅಭ್ಯಾಸ.

ಮಾರ್ಚ್ 14, ಶುಕ್ರವಾರ

ಮರ್ಯಾದೆ ಹೋಯಿತು. ನಿನ್ನೆ ನಾನು ಬಾಣ ಹಾಕಿ ಕಳಿಸಿದ ಒಂದಿಡೀ ಕಟ್ಟು ಅಂಗಿ ಇವತ್ತು ಹಾಗೇ ವಾಪಸ್ ಬಂತು. ಕಾಲರಿನ ಹತ್ತಿರ ಹಳದಿ ಕಲೆ ಎಂದು ಬಾಣ ಹಾಕಿದ್ದೆ. ಸೂಪರ್‌ವೈಸರ್ ಅಂಗಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಲ್ಲಿದೆ ಕಲೆ, ತೋರಿಸಿ ಮೇಡಂ," ಎಂದ. ಎಲ್ಲೂ ಇರಲಿಲ್ಲ.

ಪಕ್ಕದ ಟೇಬಲ್ಲಿನ ಕನ್ನಡಕದಕ್ಕ, ನನಗೆ ಈ ಕೆಲಸ ಕಲಿಸಿದವರು, ಊಟದ ಹೊತ್ತಿಗೆ ಬೈದರು. "ವಾರವೆಲ್ಲಾ ಬಿಳಿ ಬಟ್ಟೆ ನೋಡ್ತಿದ್ದೀಯ. ಎದುರಿಗೆ ಆ ಹಸಿರು ಪರದೆ ಯಾಕೆ ಕಟ್ಟಿದ್ದಾರೆ, ಅಂದಕ್ಕಾ? ಆಗಾಗ ತಲೆ ಎತ್ತಿ ಅದನ್ನ ನೋಡು ಅಂತ ಮೊದಲನೇ ದಿನವೇ ಹೇಳಿದ್ದೆ. ಕಣ್ಣು ಎತ್ತದೇ ನೋಡ್ತಾನೇ ಇದ್ರೆ ಇಲ್ಲದ ಕಲೆ ಕಾಣ್ಸುತ್ತೆ ಕಣೆ."

ಹೊಸಬರು ಮಾಡುವ ತಪ್ಪು. ನನಗೆ ಕನ್ನಡಕ ಬದಲಾಯಿಸಬೇಕು ಅಂತ ಕಾಣುತ್ತದೆ.

ಚೂಟಿ: ಬೋರ್ಡಿನ ಅಂಗಡಿಯಿಂದ ಬಂದವಳು ಮಲಗುವವರೆಗೂ ಮಾತು. ಗಮನಿಸಬೇಕು.

ಮಾರ್ಚ್ 19, ಬುಧವಾರ

ಇವತ್ತು ಕತ್ತಲಿರುವಾಗಲೇ ಎದ್ದಿದ್ದಾಳೆ. ನಾನು ಅಡುಗೆಮನೆಗೆ ಬಂದರೆ ಕಪಾಟಿನ ಡಬ್ಬಿಗಳೆಲ್ಲ ಹೊರಗೆ, ಅವಳು ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಸಕ್ಕರೆ, ಟೀ ಪುಡಿ ಎಂದು ಬರೆಯುತ್ತಿದ್ದಾಳೆ. ಹಾಡು ಬೇರೆ. "ಅಮ್ಮ, ಇನ್ನು ಸ್ವಲ್ಪ ದಿನ ತಡಿ, ಈ ಬೀದಿ ತುಂಬಾ ನನ್ನ ಅಕ್ಷರ!" ಎಂದಳು. ಕೆಂಪು ಅಂಗಿ ಹಾಕಿದ್ದಾಳೆ. ಕಣ್ಣು ಫಳಫಳ.

ನಿದ್ದೆ ಕಡಿಮೆ. ಮಾತು ಜಾಸ್ತಿ. ದೊಡ್ಡ ದೊಡ್ಡ ಯೋಚನೆ. ಡಾಕ್ಟರಮ್ಮ ಹೇಳಿದ್ದೆಲ್ಲ ಸಾಲಾಗಿ ನಿಂತಿದೆ. ಹೋದ ವರ್ಷ ಕಣ್ಣಿದ್ದೂ ಕುರುಡಿಯಾಗಿದ್ದೆ. ನಾಳೆ ರಜೆ ಹಾಕುತ್ತೇನೆ.

ಮಾರ್ಚ್ 20, ಗುರುವಾರ

ಏನು ಮಾಡಿಬಿಟ್ಟೆ ನಾನು.

ಬೆಳಗ್ಗೆ, ರಕ್ತಪರೀಕ್ಷೆ ಇದೆ ಎಂದು ಸುಳ್ಳು ಹೇಳಿ ಅವಳನ್ನು ಹೊರಡಿಸಿದೆ. ಅವಳು ಬಟ್ಟೆ ಬದಲಾಯಿಸುವಷ್ಟರಲ್ಲಿ ಬೋರ್ಡಿನವರ ಅಂಗಡಿಗೆ ಓಡಿಹೋಗಿ, "ಅವಳು ಇವತ್ತು ಬರಲ್ಲ, ಇನ್ನು ಮೇಲೂ ಬರೋದು ಕಷ್ಟ, ಅವಳಿಗೆ ಹೀಗ್ಹೀಗೆ ಕಾಯಿಲೆ," ಎಂದು ಎಲ್ಲವನ್ನೂ ಹೇಳಿಬಂದೆ. ಅವರು ಬ್ರಷ್ ಹಿಡಿದುಕೊಂಡೇ ಕೇಳಿಸಿಕೊಂಡರು.

ಡಾಕ್ಟರಮ್ಮ ಅವಳೊಬ್ಬಳನ್ನೇ ಕೂರಿಸಿಕೊಂಡು ತುಂಬ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದರು. ದಿನಾ ರಾತ್ರಿ ಚೆನ್ನಾಗಿ ಮಲಗುತ್ತಿದ್ದಾಳೆ, ಒಂದು ದಿನ ಬೇಗ ಎದ್ದಿದ್ದಾಳೆ, ಅಷ್ಟೇ. ಹೂವಿನ ಅಂಗಡಿಯೊಂದರ ಬೋರ್ಡನ್ನು ಪೂರ್ತಿ ಅವಳ ಕೈಗೇ ಬಿಟ್ಟಿದ್ದಾರಂತೆ. ಅಕ್ಷರ ಕೈಗೆ ಕೂರಲಿ ಎಂದು ಡಬ್ಬಿಗಳ ಮೇಲೆ ಅಭ್ಯಾಸ ಮಾಡುತ್ತಿದ್ದಳಂತೆ.

"ಇದು ಏರಲ್ಲ. ಮೊದಲನೇ ಕೆಲಸ ಸಿಕ್ಕಿದ ಹುಡುಗಿಯ ಖುಷಿ," ಎಂದರು.

ಚೂಟಿ ಎದ್ದು ನಿಂತಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದಳು. "ಅಮ್ಮ, ನಾನು ಖುಷಿಯಾಗಿರೋಕೂ ಡಾಕ್ಟ್ರ ಚೀಟಿ ಬೇಕಾ?"

ಅವಳನ್ನು ಹೊರಗೆ ಕೂರಿಸಿ ಡಾಕ್ಟರಮ್ಮ ನನಗೆ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. "ನಿಜವಾಗಿ ಮತ್ತೆ ಬಂದಾಗ ಮೊದಲು ಗೊತ್ತಾಗೋದು ಅವಳಿಗೆ. ನೀವು ಎಷ್ಟು ಕಣ್ಣಿಟ್ರೂ ಆಮೇಲೇನೇ ನಿಮಗೆ. ಅವಳು ಬಾಯಿಬಿಟ್ಟು ಹೇಳಿದ್ರೆ ಅರ್ಧ ಗೆದ್ದ ಹಾಗೆ. ಬಚ್ಚಿಟ್ರೆ ಹೋದ ವರ್ಷದ ಹಾಗೇ ಆಗುತ್ತೆ. ಇವತ್ತಿನಂಥದು ಇನ್ನೊಂದ್ಸಲ ಆದ್ರೆ ನಿಮಗೆ ಹೇಳ್ತಾಳಾ, ಯೋಚನೆ ಮಾಡಿ."

ವಾಪಸ್ ಬರುವಾಗ ಬಸ್ಸಿನಲ್ಲಿ, ಅಂಗಡಿಗೆ ಹೋಗಿ ಹೇಳಿದ್ದನ್ನೂ ಒಪ್ಪಿಕೊಂಡೆ. ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

"ಅದು ನಾನು ಹೇಳಬೇಕಾಗಿದ್ದ ಮಾತು," ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ನನ್ನ ಮೈ ತುಂಬಾ ನಿನ್ನ ಬಾಣಗಳೇ ಅಮ್ಮ. ಎಷ್ಟು ಅಂತ ಕೀಳಲಿ?" ಎಂದಳು. ಅತ್ತುಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು, ನೋಡಲಿ.

ಮಾರ್ಚ್ 21, ಶುಕ್ರವಾರ

ಬೋರ್ಡಿನವರು ಕೆಲಸದಿಂದ ಬಿಡಿಸಿಲ್ಲ. "ಕಾಯಿಲೆ ಇದ್ರೆ ಇರಲಿ, ಔಷಧಿ ಇದೆಯಲ್ಲ. ಈ ವಯಸ್ಸಿಗೆ ನನಗೆ ಏಣಿ ಹತ್ತಿದ್ರೆ ತಲೆ ತಿರುಗುತ್ತೆ, ನನ್ನನ್ನ ಯಾರು ಬಿಡಿಸಿದ್ದಾರೆ?" ಎಂದರಂತೆ. ಇದನ್ನು ಇವರು ಹೇಳಿದರು. ಅವಳು ನನ್ನ ಜೊತೆ ಮಾತಾಡುತ್ತಿಲ್ಲ.

ಸಂಜೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಬಾಣಗಳನ್ನು ನಾನೇ ಕಿತ್ತುಕೊಂಡೆ. ಬೆನ್ನಿನದು ಕೈಗೆ ಎಟುಕಲಿಲ್ಲ.

ಏಪ್ರಿಲ್ 2, ಬುಧವಾರ

ಮಾತಾಡುತ್ತಾಳೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಮುಖ ಒರೆಸಿಟ್ಟ ತಟ್ಟೆಯ ಹಾಗೆ, ಖುಷಿಯೂ ಇಲ್ಲ, ಸಿಟ್ಟೂ ಇಲ್ಲ. ಇದು 'ಇಳಿ'ಯೇ ಎಂದು ಕೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಆಮೇಲೆ ಮೆಟ್ಟಿಲಿನಿಂದ ಅವಳ ನಗು ಕೇಳಿಸಿತು, ಅಜ್ಜಿಯ ಜೊತೆ. ಮನೆಯೊಳಗೆ ಬರುತ್ತಿದ್ದಂತೆ ನಿಂತುಹೋಯಿತು.

ಇಳಿಯಲ್ಲ ಇದು. ನನ್ನಿಂದ ಬಚ್ಚಿಡುತ್ತಿದ್ದಾಳೆ. ನಗುವನ್ನೇ ಬಚ್ಚಿಡುವವಳು ನಾಳೆ ನಿದ್ದೆ ಬಾರದಿದ್ದರೆ ಹೇಳುತ್ತಾಳೆಯೇ? ನನಗೆ ಕಾಯಿಲೆಗಿಂತ ಇದರದೇ ಭಯವಾಗಿದೆ ಈಗ.

ಏಪ್ರಿಲ್ 11, ಶುಕ್ರವಾರ

ಕನ್ನಡಕದಕ್ಕನ ಮುಂದೆ ಎಲ್ಲ ಕಕ್ಕಿಕೊಂಡೆ. "ನೋಡದೇ ಹೇಗಿರ್ಲಿ ಅಕ್ಕ? ಕಣ್ಣು ತಾನಾಗೇ ಹೋಗುತ್ತೆ," ಎಂದೆ.

"ಹೋಗ್ಲಿ. ಹೋದ ಕಣ್ಣನ್ನ ಎತ್ತೋದು ನಿನ್ನ ಕೈಲಿದೆ. ಬೇರೆ ಏನಾದ್ರೂ ನೋಡು. ಮನೆಯಲ್ಲಿ ಕಿಟಕಿ ಇಲ್ವಾ?"

ಇದೆ. ಸಂಜೆ ಅವಳು ಊಟಕ್ಕೆ ಕೂತಾಗ ನಾನು ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಕೂತೆ. ಎದುರಿನ ತಾರಸಿಯಲ್ಲಿ ಒಬ್ಬ ಮುದುಕ ಪಾರಿವಾಳಗಳಿಗೆ ಕಾಳು ಹಾಕುತ್ತ ಅವುಗಳಿಗೆ ಬಯ್ಯುತ್ತಿದ್ದ. ಇಷ್ಟು ವರ್ಷದಿಂದ ಇಲ್ಲಿದ್ದೇವೆ, ಆ ತಾರಸಿಯಲ್ಲಿ ಪಾರಿವಾಳ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಬೆನ್ನ ಹಿಂದೆ ಅವಳು ಎಷ್ಟು ತಿಂದಳು ಎಂದು ನೋಡಬೇಕೆಂದು ಕುತ್ತಿಗೆ ನೋಯುವಷ್ಟು ಆಸೆ. ನೋಡಲಿಲ್ಲ. ಒಂದು ಸಲ ನೋಡಿದೆ.

ಏಪ್ರಿಲ್ 20, ಭಾನುವಾರ

ಇವರ ಜೊತೆ ಹೂವಿನ ಅಂಗಡಿಯ ಬೋರ್ಡ್ ನೋಡಿಕೊಂಡು ಬಂದೆ. ಅವಳು ಕರೆದಿರಲಿಲ್ಲ, ನಾವಾಗೇ ಹೋದೆವು. ಹಸಿರು ಮೈ, ಬಿಳಿ ಅಕ್ಷರ. ಕೊನೆಯ ಅಕ್ಷರದ ಬಾಲದಿಂದ ಬಳ್ಳಿಯೊಂದು ಎದ್ದು ಚೌಕಟ್ಟಿನ ಮೇಲೆ ಹಬ್ಬಿದೆ. ನಾನು ಥಿನ್ನರ್ ಹಾಕಿ ಉಜ್ಜಿದ್ದು ಇದೇ ಬಳ್ಳಿ.

ಎರಡನೇ ಸಾಲು ಬಲಕ್ಕೆ ಒಂಚೂರು ಇಳಿದಿದೆ. ಕಣ್ಣಿಗೆ ಬಿದ್ದೇ ಬಿತ್ತು, ಏನು ಮಾಡಲಿ. ಇವರು, "ಏನೇ, ಬಾಣ ಇದೆಯಾ ಕೈಯಲ್ಲಿ?" ಎಂದು ಕಿಚಾಯಿಸಿದರು. ಮನೆಗೆ ಬಂದು, "ನೋಡ್ಕೊಂಡು ಬಂದ್ವಿ. ಬಳ್ಳಿ ತುಂಬಾ ಚೆನ್ನಾಗಿದೆ," ಎಂದೆ.

"ಎರಡನೇ ಸಾಲು?" ಎಂದಳು, ಹುಬ್ಬು ಏರಿಸಿ.

"ಇಳಿದಿದೆ."

ನಕ್ಕಳು! ಮನೆಯೊಳಗೆ, ನನ್ನ ಎದುರಿಗೆ. "ಗೊತ್ತು. ಏಣಿ ಸೊಟ್ಟ ಇತ್ತು," ಎಂದಳು.

ಆಮೇಲೆ ನಾನು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದೆ. ಹಳೆಯ ಕನ್ನಡಕವೇ ಸರಿಯಾಗಿದೆಯಂತೆ.

ಏಪ್ರಿಲ್ 29, ಮಂಗಳವಾರ

ಪಾರಿವಾಳದ ಮುದುಕನಿಗೆ ಕೈ ಬೀಸಿದೆ. ಅವನೂ ಬೀಸಿದ. ಇವರು "ಯಾರೇ ಅದು?" ಎಂದರು. "ನನ್ನ ಫ್ರೆಂಡು," ಎಂದೆ. ಒಂದು ಪಾರಿವಾಳಕ್ಕೆ ಕಾಲು ಕುಂಟು, ಅದಕ್ಕೇ ಹೆಚ್ಚು ಬೈಗುಳ, ಅದಕ್ಕೇ ಹೆಚ್ಚು ಕಾಳು.

ಇವತ್ತಿನಿಂದ ಅಡುಗೆಗೆ ಮೂರನೇ ಪಾತ್ರೆ. ನನಗೆ ಖಾರ ಬೇಕು.

ಮೇ 6, ಮಂಗಳವಾರ

ಬೆಳಗ್ಗೆ ಬಾಚಣಿಗೆಯಲ್ಲಿ ಕೂದಲು ಬಿಟ್ಟಿದ್ದಕ್ಕೆ ಚೂಟಿಗೂ ನನಗೂ ಜಗಳ. ಚೆನ್ನಾಗಿ ಬೈದೆ, ಅವಳೂ ಎದುರು ಮಾತಾಡಿದಳು. ಕೆಲಸಕ್ಕೆ ಬಂದ ಮೇಲೆ ಮರೆತೂಹೋಗಿತ್ತು. ಊಟದ ಗಂಟೆಗೆ ಮುಂಚೆ ಗೇಟಿನ ಸೆಕ್ಯೂರಿಟಿಯವನು ಬಂದು, "ನಿಮ್ಮ ಮಗಳು ಬಂದಿದ್ದಾಳೆ, ಅರ್ಜೆಂಟಂತೆ," ಎಂದ. ಕೈಯಲ್ಲಿದ್ದ ಅಂಗಿ ಅಲ್ಲೇ ಬಿಟ್ಟು ಓಡಿದೆ.

ಗೇಟಿನ ಆಚೆ ನಿಂತಿದ್ದಳು. ಕೈಗೆಲ್ಲ ನೀಲಿ ಬಣ್ಣ. ಒಂದೊಂದೇ ಮಾತನ್ನು ಹಿಡಿದು ಹಿಡಿದು ಬಿಡುತ್ತಿದ್ದಳು.

"ಅಮ್ಮ, ಬೇಗ ಬೇಗ ಮಾತಾಡಿದ್ರೆ ತಡಿ ಅನ್ನು. ಮೂರು ದಿನದಿಂದ ನಿದ್ದೆ ಬರ್ತಿಲ್ಲ. ಸುಸ್ತೂ ಆಗ್ತಿಲ್ಲ. ಮಾತ್ರೆ ತಗೊಂಡಿದ್ದೀನಿ, ತಪ್ಪಿಸಿಲ್ಲ, ನಂಬು. ಈಗ ಏಣಿ ಮೇಲೆ ನಿಂತಿದ್ದಾಗ ಕೈ ಬಿಟ್ರೂ ನಾನು ಬೀಳಲ್ಲ ಅನ್ನಿಸ್ತು. ಅನ್ನಿಸಿದ ತಕ್ಷಣ ಇಳಿದು ಬಂದೆ."

ಮೂರು ದಿನ! ಒಂದೇ ಸೂರಿನಡಿ ಇದ್ದು ನನಗೆ ಒಂದು ಚೂರೂ ಗೊತ್ತಾಗಿರಲಿಲ್ಲ. ಹಾಗೆಂದು ಹೇಳಿಯೂಬಿಟ್ಟೆ, "ನನಗೆ ಏನೂ ಗೊತ್ತಾಗ್ಲೇ ಇಲ್ವಲ್ಲೇ."

"ನನಗೆ ಗೊತ್ತಾಯ್ತಲ್ಲ," ಎಂದಳು. ನನ್ನ ತೋಳಿಗೆ ಅಂಟಿದ್ದ ಒಂದು ಕೆಂಪು ಬಾಣವನ್ನು ಕಿತ್ತು ತನ್ನ ಹಣೆಗೆ ಅಂಟಿಸಿಕೊಂಡಳು. "ಇಲ್ಲಿ. ನಡಿ, ತೋರಿಸ್ಕೊಂಡು ಬರೋಣ."

ಬಸ್ಸಿನಲ್ಲಿ ಜನ ಅವಳ ಹಣೆಯನ್ನು ನೋಡುತ್ತಿದ್ದರು. ಅವಳು ತೆಗೆಯಲಿಲ್ಲ, ನಾನೂ ತೆಗೆ ಅನ್ನಲಿಲ್ಲ. ದಾರಿಯುದ್ದಕ್ಕೂ ಎಲ್ಲ ಅಂಗಡಿಗಳ ಬೋರ್ಡ್ ಓದುತ್ತ, ಯಾರ ಅಕ್ಷರ ಹೇಗೆ ಎಂದು ಹೇಳುತ್ತ ಬಂದಳು. ಎರಡು ಸಲ "ತಡಿ" ಎಂದೆ. ತಡೆದಳು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.

ಡಾಕ್ಟರಮ್ಮ ಅವಳ ಹಣೆ ನೋಡಿ, "ಇದೇನಮ್ಮ?" ಎಂದರು. "ಚೆಕಿಂಗ್ ಆಗಿದೆ ಡಾಕ್ಟ್ರೇ," ಎಂದಳು.

ಮೇ 7, ಬುಧವಾರ

ರಕ್ತ ಪರೀಕ್ಷೆ ಮಾಡಿ ಮಾತ್ರೆ ಸ್ವಲ್ಪ ಹೆಚ್ಚಿಸಿದ್ದಾರೆ. ನಿದ್ದೆಗೆ ಬೇರೆ ಮಾತ್ರೆ. ಬೇಗ ಬಂದಿದ್ದಕ್ಕೆ ಸದ್ಯಕ್ಕೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವ ಅಗತ್ಯವಿಲ್ಲ, ವಾರದೊಳಗೆ ಮತ್ತೆ ಬರಬೇಕು, ಮಧ್ಯೆ ಏನಾದರೂ ಹೆಚ್ಚಾದರೆ ತಕ್ಷಣ. ಬೋರ್ಡಿನವರಿಗೆ ಈ ಸಲ ಅವಳೇ ಫೋನ್ ಮಾಡಿ ಹೇಳಿದಳು. "ಏಣಿ ಎಲ್ಲೂ ಓಡಿಹೋಗಲ್ಲ, ಆರಾಮಾಗಿ ಬಾ," ಎಂದರಂತೆ.

ನಿನ್ನೆ ರಾತ್ರಿ ಮಲಗುವ ಮುಂಚೆ ಕೇಳಿದೆ, "ನನ್ನ ಹತ್ರ ಹೇಳ್ಬೇಕು ಅಂತ ಹೇಗೆ ಅನ್ನಿಸ್ತೇ?"

ಮಾತ್ರೆಯ ಮಂಪರಿನಲ್ಲೇ ಹೇಳಿದಳು. "ನೀನು ನೋಡ್ತಾ ಇದ್ದಾಗ ನಿನ್ನಿಂದ ಬಚ್ಚಿಡೋದೇ ನನಗೆ ದೊಡ್ಡ ಕೆಲಸ ಆಗಿತ್ತು. ನೀನು ಪಾರಿವಾಳ ನೋಡೋಕೆ ಹೋದೆ. ನನ್ನನ್ನ ನಾನೇ ನೋಡ್ಕೋಬೇಕಾಯ್ತು."

ಅವಳು ಮಲಗಿದ ಮೇಲೆ ಹಣೆಯ ಬಾಣ ಕೀಳೋಣ ಎಂದುಕೊಂಡೆ. ಎಚ್ಚರವಾದೀತೆಂದು ಬಿಟ್ಟೆ.

ಮೇ 25, ಭಾನುವಾರ

ಬರೆಯದೆ ತುಂಬ ದಿನವಾಯಿತು. ಡಾಕ್ಟರಮ್ಮ ಸರಿ ಎಂದ ಮೇಲೆ ಚೂಟಿ ಮತ್ತೆ ಏಣಿ ಹತ್ತುತ್ತಿದ್ದಾಳೆ. ಪಾರಿವಾಳದ ಮುದುಕ ಕುಂಟು ಪಾರಿವಾಳ ಮೊಟ್ಟೆ ಇಟ್ಟಿದೆ ಎಂದು ಇಲ್ಲಿಗೆ ಕೇಳುವ ಹಾಗೆ ಕೂಗಿ ಹೇಳಿದ. ಖಾರದ ಪಾತ್ರೆಗೆ ಇವರೂ ಕೈ ಹಾಕಲು ಶುರುಮಾಡಿದ್ದಾರೆ, ಬಿ.ಪಿ.ಗೆ ಉಪ್ಪು ತಾನೇ ಬೇಡ ಅಂದಿದ್ದು ಎಂದು ವಾದ ಬೇರೆ. ನಾಳೆಯಿಂದ ಕರಿ ಬಟ್ಟೆಯ ಲೋಡ್ ಬರುತ್ತದಂತೆ. ಕರಿ ಬಟ್ಟೆಯಲ್ಲಿ ಬಿಟ್ಟ ಹೊಲಿಗೆ ಹುಡುಕುವುದು ಎಂದರೆ ಕಣ್ಣೇ ಹೋದ ಹಾಗೆ.

ಇಷ್ಟು ಬರೆಯುವಾಗ ಚೂಟಿ ಬಚ್ಚಲುಮನೆಯಲ್ಲಿ ಜೋರಾಗಿ ನಗುತ್ತಿದ್ದಳು. ಒಬ್ಬಳೇ. "ನಲ್ಲಿ ನಿಲ್ಲಿಸಿ ನಗೇ, ನೀರು ಸುಮ್ನೆ ಹೋಗ್ತಿದೆ!" ಎಂದು ಇಲ್ಲಿಂದಲೇ ಕೂಗಿದೆ.